ತಮ್ಮ ಮನೆಗೆ ಬಂದಿದ್ದಾನೆ, ನಿಮಗೆಲ್ಲ ನಮಸ್ಕಾರ

ಹೈಕೋರ್ಟು ನನ್ನ ತಮ್ಮನನ್ನು ನಿರ್ದೋಷಿ ಅಂತ ಬಿಡುಗಡೆ ಮಾಡಿದೆ. ಅವನೀಗ ಮನೆಯಲ್ಲಿದ್ದಾನೆ. ಸುದ್ದಿ ಗೊತ್ತಾದಾಗಿನಿಂದ ಫೋನ್ ಬರುತ್ತಲೇ ಇದೆ. ಯಾರ ಜೊತೆಗೂ ಸರಿಯಾಗಿ ಮಾತಾಡೋಕೆ ಆಗಿಲ್ಲ, ಅಳುವೇ ಜಾಸ್ತಿಯಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನನ್ನ ತಮ್ಮ ಎಲೆಕ್ಟ್ರಿಷಿಯನ್. ಅವನು ವೈರಿಂಗ್ ಕೆಲಸಕ್ಕೆ ಹೋಗಿದ್ದ ಮನೆಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರ ಕೊಲೆಯಾಯಿತು. ಕಣ್ಣಾರೆ ನೋಡಿದವರು ಯಾರೂ ಇರಲಿಲ್ಲ. ಆ ಮನೆಯ ಹತ್ತಿರ ಕೊನೆಗೆ ಕಂಡವನು ಇವನೇ ಅಂದರು. ಇವನು ತೋರಿಸಿದ ಜಾಗದಲ್ಲಿ ಅಜ್ಜಿಯ ಚಿನ್ನದ ಸರ ಸಿಕ್ಕಿತು ಅಂತ ಪೊಲೀಸರು ಮಹಜರು ಬರೆದರು. ಇಡೀ ಕೇಸು ನಿಂತಿದ್ದು ಇಷ್ಟರ ಮೇಲೆ. ಅವನನ್ನು ಹಿಡಿದ ದಿನವೇ ನಮ್ಮ ಬೀದಿಯಲ್ಲಿ ನೇಣಿನ ಮಾತು ಶುರುವಾಗಿತ್ತು. ಕೆಳಗಿನ ಕೋರ್ಟಿನಲ್ಲಿ ಸರ್ಕಾರಿ ವಕೀಲರೂ ಗಲ್ಲನ್ನೇ ಕೇಳಿದರು. ಜಡ್ಜು ಜೀವಾವಧಿ ಕೊಟ್ಟರು.

ನನ್ನ ಮೊದಲ ನಮಸ್ಕಾರ ಆ ಜಡ್ಜಿಗೇ. ಅವರ ತೀರ್ಪು ತಪ್ಪು ಅಂತ ಈಗ ಸಾಬೀತಾಗಿದೆ ನಿಜ. ಆದರೆ ಕೇಳಿದ ಶಿಕ್ಷೆಯನ್ನು ಅವರು ಕೊಡಲಿಲ್ಲ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನ ನಂತರ ಗಲ್ಲು ಇರುವುದು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ. ಆದರೆ ಯಾವುದು ಅಪರೂಪ ಅಂತ ತೀರ್ಮಾನ ಮಾಡುವವರು ಆವತ್ತು ಆ ಪೀಠದಲ್ಲಿ ಕೂತವರು. ಬಚನ್ ಸಿಂಗ್ ಪೀಠದಲ್ಲಿದ್ದ ನ್ಯಾಯಮೂರ್ತಿ ಭಗವತಿಯವರು ಉಳಿದ ನಾಲ್ವರ ಮಾತು ಒಪ್ಪದೆ ಬೇರೆ ತೀರ್ಪು ಬರೆದಿದ್ದೂ ಇದೇ ಕಾರಣಕ್ಕೆ. ನಮ್ಮ ಕೇಸು ಬೇರೆಯವರ ಮುಂದೆ ಬಂದಿದ್ದರೆ ಏನಾಗುತ್ತಿತ್ತೋ, ಯೋಚಿಸೋಕೂ ಭಯವಾಗುತ್ತದೆ.

ಆಮೇಲೆ ನಮ್ಮ ವಕೀಲೆ. ಅವರ ಹೆಸರು ಬರೆಯಬಾರದು ಅಂತ ಅವರೇ ಹೇಳಿದ್ದಾರೆ. ಮೊದಲಿಗೆ ನಮ್ಮ ಕಡೆ ಯಾರೂ ಕೇಸು ತಗೊಳ್ಳಲು ತಯಾರಿರಲಿಲ್ಲ. ಆರೋಪಿಯ ಪರ ವಾದ ಮಾಡಬಾರದು ಅಂತ ವಕೀಲರ ಸಂಘವೇ ನಿರ್ಣಯ ಮಾಡಿದರೂ ಅದು ನಡೆಯೋದಿಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಆದರೆ ಜನ ಏನಂತಾರೋ ಅನ್ನುವ ಭಯಕ್ಕೆ ಯಾವ ತೀರ್ಪು ಏನು ಮಾಡುತ್ತದೆ? ಕಾನೂನು ನೆರವಿನಿಂದ ಅಪೀಲಿಗೆ ಬಂದ ಈ ವಕೀಲೆ ಫೈಲು ಪೂರ್ತಿ ಓದಿದರು, ಒಂದೊಂದು ಸಾಕ್ಷಿಯ ಹೇಳಿಕೆಯನ್ನೂ ನನ್ನಿಂದ ಜೋರಾಗಿ ಓದಿಸಿದರು. ಸರ ಸಿಕ್ಕಿದ್ದಕ್ಕೆ ಸಾಕ್ಷಿ ಅಂತ ಮಹಜರಿಗೆ ಸಹಿ ಹಾಕಿದ ಪಂಚ ಪಾಟೀ ಸವಾಲಿನಲ್ಲಿ ಒಂದೇ ಒಂದು ಸಾಲು ಹೇಳಿದ್ದ: ‘ಸಹಿ ಮಾಡಿದ್ದು ಠಾಣೆಯಲ್ಲಿ, ಆ ಜಾಗಕ್ಕೆ ನಾನು ಹೋಗಿಲ್ಲ.’ ಅದನ್ನು ಓದುತ್ತಾ ನಾನು ಮುಂದೆ ಹೋಗುತ್ತಿದ್ದೆ. ಅವರು ಕೈ ಅಡ್ಡ ಇಟ್ಟು, ‘ಇನ್ನೊಂದು ಸಲ ಓದಿ’ ಅಂದರು. ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಆ ಸಾಲಿನ ಸುಳಿವೇ ಇರಲಿಲ್ಲ. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನೇ ಹಿಡಿದು ಪ್ರಶ್ನೆ ಕೇಳಿದರು.

ನಾನು ಎದುರಿಗೆ ನಿಂತು ಧನ್ಯವಾದ ಹೇಳೋಕಾಗದ ಒಬ್ಬರಿದ್ದಾರೆ. ತೀರಿಹೋದ ಅಜ್ಜಿಯ ಮಗ. ಅವರು ನಮ್ಮ ಜೊತೆ ಒಂದು ಮಾತೂ ಆಡಿಲ್ಲ, ಆಡಬೇಕಾಗಿಯೂ ಇಲ್ಲ. ನನ್ನ ತಮ್ಮನೇ ಕೊಂದ ಅಂತ ಆಗ ಅವರು ನಂಬಿದ್ದರು. ಕೋರ್ಟಿನಲ್ಲಿ ಅವರ ಕೈಗೆ ಆ ಸರ ಕೊಟ್ಟು, ಇದು ನಿಮ್ಮ ತಾಯಿಯದ್ದಾ ಅಂತ ಕೇಳಿದರು. ಹೌದು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತುಂಬಾ ಹೊತ್ತು ತಿರುಗಿಸಿ ನೋಡಿ, ‘ಇಂಥದ್ದೇ ಇತ್ತು. ಇದೇ ಅಂತ ಹೇಳಲಾರೆ’ ಅಂದರು. ಅಮ್ಮನನ್ನು ಕಳೆದುಕೊಂಡ ಸಂಕಟದಲ್ಲಿ, ಕೊಂದವನು ಎದುರಿಗೇ ಕೂತಿದ್ದಾನೆ ಅಂದುಕೊಂಡಿರುವಾಗಲೂ, ಅವರು ಇಲ್ಲದ್ದನ್ನು ಹೇಳಲಿಲ್ಲ. ಅವರಿಗೆ ನಾನು ಯಾವತ್ತಿಗೂ ಋಣಿ. ಆ ಅಜ್ಜಿಯನ್ನು ಕೊಂದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ತಪ್ಪು ಮನುಷ್ಯನನ್ನು ಹಿಡಿದು ಕೂತ ಅಷ್ಟೂ ವರ್ಷ ಸರಿಯಾದವನನ್ನು ಯಾರೂ ಹುಡುಕಲಿಲ್ಲ. ಆ ಮಗನಿಗೂ ಅನ್ಯಾಯವಾಗಿದೆ ಅಲ್ವಾ?

ಪಕ್ಕದ ಮನೆ ಅಂಕಲ್ ಬಗ್ಗೆ ಬರೆಯದಿದ್ದರೆ ಅಮ್ಮ ನನ್ನನ್ನು ಬಿಡೋದಿಲ್ಲ. ಗಲ್ಲು ಇರಲೇಬೇಕು ಅನ್ನುವುದು ಅವರ ವಾದ, ಇವತ್ತಿಗೂ. ಅಂಕಲ್ ಎತ್ತುತ್ತಿದ್ದದ್ದು ನಮ್ಮ ಬೆಂಗಳೂರಿನದೇ ರಿಚ್ಮಂಡ್ ರಸ್ತೆಯ ಕೇಸು. ಹೆಂಡತಿಯನ್ನು ಮನೆಯ ಅಂಗಳದಲ್ಲೇ ಹೂತಿಟ್ಟವನಿಗೂ ಗಲ್ಲು ಬೇಡವಾ ಅನ್ನುತ್ತಿದ್ದರು. ನಾನೂ ಆ ಕೇಸಿನ ಬಗ್ಗೆ ಓದಿದೆ. ಶಿಕ್ಷೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಬಂದಿರಲಿಲ್ಲ. 2008ರಲ್ಲಿ ಮೂವರ ಪೀಠ ಗಲ್ಲು ತಪ್ಪಿಸಿ, ಬದುಕಿರುವವರೆಗೂ ಜೈಲು ಅಂದಿತು. ಅಂಥವನು ಹೊರಗೆ ಬರಬಾರದು ಅನ್ನುವುದಕ್ಕೂ ದಾರಿ ಇದೆ ಅಂಕಲ್ ಅಂತ ಹೇಳಿದೆ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರ ಕಥೆಯನ್ನೂ ಹೇಳಿದೆ. 2009ರಲ್ಲಿ ಆರೂ ಜನಕ್ಕೆ ಗಲ್ಲು ಅಂದಿದ್ದು ಸುಪ್ರೀಂ ಕೋರ್ಟೇ. 2019ರಲ್ಲಿ ಆರೂ ಜನ ನಿರ್ದೋಷಿಗಳು ಅಂದಿದ್ದೂ ಅದೇ ಕೋರ್ಟು. ತಲಾ ಐದು ಲಕ್ಷ ಪರಿಹಾರ ಕೊಡಿ ಅಂತಲೂ ಹೇಳಿತು. ನಡುವೆ ನೇಣಿಗೆ ಹಾಕಿಬಿಟ್ಟಿದ್ದರೆ ಆ ದುಡ್ಡು ಯಾರ ಕೈಗೆ ಕೊಡುತ್ತಿದ್ದರು?

ಅಂಕಲ್ ಒಪ್ಪಲಿಲ್ಲ. ಆದರೆ ನಿರ್ದೋಷಿ ಅಂತ ತೀರ್ಪು ಬಂದ ಮೇಲೂ ಹೊರಗೆ ಬರಲು ಶ್ಯೂರಿಟಿ ಬೇಕು ಅಂದಾಗ, ತಮ್ಮ ಸೈಟಿನ ಪತ್ರ ಹಿಡಿದುಕೊಂಡು ಬೆಳಗ್ಗೆಯೇ ನಮ್ಮ ಬಾಗಿಲಲ್ಲಿ ನಿಂತಿದ್ದವರು ಅವರೇ. ಇಂಥವರು ನಮಗೆ ತುಂಬಾ ಜನ ಸಿಕ್ಕರು. ಇವನು ಮಾಡಿಲ್ಲ ಅಂತ ಅವರಿಗೆ ಖಾತ್ರಿ ಇರಲಿಲ್ಲ, ಇರೋಕೆ ಸಾಧ್ಯವೂ ಇರಲಿಲ್ಲ. ಆದರೂ ವಿಚಾರಣೆ ಸರಿಯಾಗಿ ನಡೆಯಲಿ ಅಂತ ನಮ್ಮ ಜೊತೆ ನಿಂತರು. ತಮ್ಮನನ್ನು ಮೊದಲಿಂದಲೂ ನಂಬಿದವರಷ್ಟೇ ದೊಡ್ಡವರು ಇವರು.

ಕನ್ನಡದಲ್ಲಿದ್ದ ಹೇಳಿಕೆಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟ ಕಾನೂನು ವಿದ್ಯಾರ್ಥಿಗಳಿಗೆ, ಪರಪ್ಪನ ಅಗ್ರಹಾರಕ್ಕೆ ಹೋಗುವಾಗ ಅಮ್ಮನ ಜೊತೆ ಬರುತ್ತಿದ್ದ ನನ್ನ ಗೆಳತಿಯರಿಗೆ, ಕೋರ್ಟಿನ ದಿನ ಕೇಳದೇ ರಜೆ ಕೊಟ್ಟ ನನ್ನ ಆಫೀಸಿನವರಿಗೆ, ತುಂಬಾ ತುಂಬಾ ಥ್ಯಾಂಕ್ಸ್.

ಅವನು ಹೇಗಿದ್ದಾನೆ ಅಂತ ಎಲ್ಲರೂ ಕೇಳುತ್ತಿದ್ದೀರಿ. ಊಟ ಮಾಡುತ್ತಾನೆ, ನಿದ್ದೆ ಕಮ್ಮಿ. ಕಳೆದುಹೋದ ವರ್ಷಗಳಿಗೆ ಸರ್ಕಾರ ಏನಾದರೂ ಕೊಡುತ್ತದಾ ಅಂತಲೂ ಕೇಳಿದ್ದೀರಿ. ತಪ್ಪಾಗಿ ಜೈಲಿಗೆ ಹೋದವರಿಗೆ ಪರಿಹಾರ ಸಿಗುವಂತೆ ಕಾನೂನು ಮಾಡಿ ಅಂತ ಕಾನೂನು ಆಯೋಗ 2018ರಲ್ಲೇ ವರದಿ ಕೊಟ್ಟಿದೆ. ಅಂಥ ಕಾನೂನು ಇನ್ನೂ ಬಂದಿಲ್ಲ. ಸದ್ಯಕ್ಕೆ ಅವನಿಗೆ ಬೇಕಾಗಿರೋದು ಕೆಲಸ. ವೈರಿಂಗ್, ಮೋಟಾರ್ ರಿಪೇರಿ ಎರಡೂ ಚೆನ್ನಾಗಿ ಮಾಡುತ್ತಾನೆ. ಮನೆಯೊಳಗೆ ಕರೆಯೋಕೆ ನಿಮಗೆ ಹಿಂಜರಿಕೆ ಇದ್ದರೆ ಅದೂ ನನಗೆ ಅರ್ಥವಾಗುತ್ತದೆ. ಅಂಗಡಿ, ಕಟ್ಟಡದ ಕೆಲಸವಿದ್ದರೂ ಹೇಳಿ.

ಇನ್ನೊಂದು ವಿಷಯ. ನಮ್ಮ ವಕೀಲೆಯ ಹತ್ತಿರ ಇನ್ನೊಬ್ಬ ಕೈದಿಯ ಅಪೀಲು ಬಂದಿದೆ. ಕೆಳಗಿನ ಕೋರ್ಟು ಅವನಿಗೆ ಗಲ್ಲು ಕೊಟ್ಟಿದೆ. ಹೇಳಿಕೆಗಳೆಲ್ಲ ಕನ್ನಡದಲ್ಲಿವೆ, ಓದಿ ಟೈಪ್ ಮಾಡಬೇಕು. ನಾನು ಈ ಭಾನುವಾರದಿಂದ ಹೋಗುತ್ತಿದ್ದೇನೆ. ಕನ್ನಡ ಟೈಪಿಂಗ್ ಬರುವವರು, ಭಾನುವಾರ ಬಿಡುವಿರುವವರು ನನಗೆ ಫೋನ್ ಮಾಡಿ.