ಲ್ಯಾಟಿನ್ ವಾಕ್ಯಕ್ಕೆ ಕನ್ನಡ ವಿಭಕ್ತಿಯೇ ನೇರ ದಾರಿ

ಮಾನ್ಯ ಸಂಪಾದಕರೇ,

ಹೈಕೋರ್ಟ್ ವರದಿಗಳಲ್ಲಿ ಕೇವಿಯಟ್, ಮ್ಯಾಂಡಮಸ್, ಕೋ ವಾರಂಟೊ ಎಂಬ ಲ್ಯಾಟಿನ್ ಪದಗಳು ಆಗಾಗ ಬರುತ್ತವೆ. ಅವುಗಳ ಅರ್ಥವನ್ನು ಇಂಗ್ಲಿಷ್ ಮೂಲಕವೇ ಹೇಳುವುದು ರೂಢಿಯಾಗಿದೆ. ಆದರೆ ಆ ಪದಗಳ ಕೊನೆಯಲ್ಲಿ ಕುಳಿತಿರುವುದು ನಮ್ಮ ಶಾಲೆಯ ಮಕ್ಕಳು ಕಲಿಯುವ ವ್ಯಾಕರಣವೇ. ಮ್ಯಾಂಡಮಸ್‌ನ ‘ಮುಸ್’ ನಮ್ಮ ‘ಏವೆ’: ಆಜ್ಞಾಪಿಸುತ್ತೇವೆ. ಕೋ ವಾರಂಟೊದ ‘ಓ’ ನಮ್ಮ ‘ಇಂದ’: ಯಾವ ಅಧಿಕಾರದಿಂದ. ‘ಕವೆತ್’ ಎಂದರೆ ಎಚ್ಚರದಿಂದಿರುತ್ತಾನೆ, ‘ಕವೆಅತ್’ (ಕೇವಿಯಟ್‌ನ ಮೂಲ ಉಚ್ಚಾರ) ಎಂದರೆ ಎಚ್ಚರದಿಂದಿರಲಿ. ನಡುವೆ ಸೇರಿದ ಆ ಒಂದು ‘ಅ’ ನಮ್ಮ ವಿಧ್ಯರ್ಥದ ‘ಅಲಿ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಕಾನೂನು, ಸಸ್ಯಶಾಸ್ತ್ರ, ಧರ್ಮಶಾಸ್ತ್ರಗಳಿಗಾಗಿ ಲ್ಯಾಟಿನ್ ಹಿಡಿಯುವ ಕನ್ನಡದ ವಿದ್ಯಾರ್ಥಿಗಳು ಎಡವುವುದು ಇಂಗ್ಲಿಷ್ ಪದಕ್ರಮವನ್ನು ನಂಬಿದಾಗ. ‘ಪುಎರುಮ್ ಕನಿಸ್ ಮೊರ್ದೆತ್’ ಎಂಬುದನ್ನು ಇಂಗ್ಲಿಷಿನ ಕಣ್ಣಿನಿಂದ ಓದಿದರೆ ಮೊದಲ ಪದವೇ ಕರ್ತೃವಾಗಿ, ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ‘ಉಮ್’ ಇಲ್ಲಿ ದ್ವಿತೀಯಾ ಎಂದು ಗುರುತಿಸಿದವರಿಗೆ ಗೊಂದಲವೇ ಇಲ್ಲ: ಹುಡುಗನನ್ನು ನಾಯಿ ಕಚ್ಚುತ್ತದೆ.

ಹೊಸಬರು ವಾಕ್ಯವನ್ನು ಬಿಡಿಸಬೇಕಾದ ಬಗೆಗೆ ಒಂದು ವಾಕ್ಯ ನೋಡೋಣ: ‘ಅಗ್ರಿಕೊಲ ಫೀಲಿಅಯ್ ರೊಸಮ್ ದತ್.’ ಮೊದಲು ಕ್ರಿಯಾಪದ ಹುಡುಕಬೇಕು. ಅದು ಬಹುಮಟ್ಟಿಗೆ ಕನ್ನಡದಂತೆ ಕೊನೆಯಲ್ಲೇ ಇರುತ್ತದೆ. ‘ದತ್’ನ ಧಾತುವಿಗೆ ‘ಕೊಡು’ ಎಂದರ್ಥ. ‘ತ್’ ಪ್ರಥಮ ಪುರುಷ ಏಕವಚನ, ಬಹುವಚನವಾಗಿದ್ದರೆ ‘ದನ್ತ್’ ಇರುತ್ತಿತ್ತು. ಆಮೇಲೆ ಕರ್ತೃ. ‘ಫೀಲಿಅಯ್’ ರೂಪಕ್ಕೆ ಮೂರು ಅರ್ಥ ಸಾಧ್ಯ: ಮಗಳ, ಮಗಳಿಗೆ, ಹೆಣ್ಣುಮಕ್ಕಳು. ಕ್ರಿಯಾಪದ ಏಕವಚನವಾದ್ದರಿಂದ ಮೂರನೆಯದು ಬಿದ್ದುಹೋಗಿ, ಕರ್ತೃ ‘ಅಗ್ರಿಕೊಲ’ (ರೈತ) ಎಂದಾಗುತ್ತದೆ. ‘ಕೊಡು’ ಎಂದ ಮೇಲೆ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಚತುರ್ಥಿಯಲ್ಲಿ ಸಿಗುತ್ತದೆ. ‘ರೊಸಮ್’ನ ‘ಅಮ್’ ದ್ವಿತೀಯಾ. ಹೀಗೆ: ರೈತ ಮಗಳಿಗೆ ಗುಲಾಬಿಯನ್ನು ಕೊಡುತ್ತಾನೆ. ನಾಲ್ಕು ಪದಕ್ಕೆ ನಾಲ್ಕೇ ಪದ, ಕ್ರಮವೂ ಅದೇ. ಇಂಗ್ಲಿಷಿನಲ್ಲಿ ಈ ಹೊಂದಿಕೆ ಸಿಗುವುದಿಲ್ಲ. ಹಾಗೆಯೇ ‘ಮಿಹಿ ದುಒ ಫೀಲಿಈ ಸುನ್ತ್’: ನನಗೆ ಇಬ್ಬರು ಗಂಡುಮಕ್ಕಳು ಇದ್ದಾರೆ. ಇಂಗ್ಲಿಷಿನವರು ಇದಕ್ಕೊಂದು ವಿಶೇಷ ನಿಯಮ ಕಲಿಯಬೇಕು. ಕನ್ನಡದವರು ಹೀಗೆಯೇ ಮಾತಾಡುತ್ತಾರೆ.

ಹಾಗೆಂದು ಎಲ್ಲವೂ ಸಲೀಸಲ್ಲ. ‘ದತ್’ ರೂಪದಲ್ಲಿ ಲಿಂಗವಿಲ್ಲ. ಕರ್ತೃವನ್ನು ಹೇಳದೆ ಬಿಟ್ಟಿದ್ದರೆ ಕೊಡುತ್ತಾನೋ ಕೊಡುತ್ತಾಳೋ ಎಂಬುದನ್ನು ಹಿಂದಿನ ವಾಕ್ಯದಿಂದ ತಿಳಿಯಬೇಕು, ಊಹಿಸಿ ಬರೆಯಬಾರದು. ಕನ್ನಡದಲ್ಲಿ ‘ಒಳ್ಳೆಯ’ ಎಂಬ ವಿಶೇಷಣ ರೈತನಿಗೂ ಹೂವಿಗೂ ಒಂದೇ. ಲ್ಯಾಟಿನ್ನಿನಲ್ಲಿ ವಿಶೇಷಣವು ಲಿಂಗ, ವಚನ, ವಿಭಕ್ತಿ ಮೂರರಲ್ಲೂ ನಾಮಪದಕ್ಕೆ ಹೊಂದಬೇಕು, ಸಂಸ್ಕೃತದಂತೆ. ಶ್ರೀಗಂಧ ‘ಸ್ಯಾಂಟಲಮ್ ಆಲ್ಬಮ್’, ಬೇವು ‘ಅಜಾಡಿರಾಕ್ಟಾ ಇಂಡಿಕಾ’ ಆಗಿರುವುದು ಇದರಿಂದಲೇ. ಆದರೆ ಹೊಂದಬೇಕಾದದ್ದು ಲಿಂಗವೇ ಹೊರತು ಪ್ರಾಸವಲ್ಲ. ‘ಅಗ್ರಿಕೊಲ’ ಅಕಾರಾಂತವಾದರೂ ಪುಲ್ಲಿಂಗ, ಹಾಗಾಗಿ ಒಳ್ಳೆಯ ರೈತ ‘ಅಗ್ರಿಕೊಲ ಬೊನುಸ್’. ‘ಬೊನ’ ಎಂದು ಬರೆದರೆ ತಪ್ಪು. ವಿಭಕ್ತಿಯೂ ಎಲ್ಲ ಕಡೆ ಕನ್ನಡದ ಹಾದಿ ಹಿಡಿಯುವುದಿಲ್ಲ. ನಾವು ‘ನಿನ್ನನ್ನು ನಂಬುತ್ತೇನೆ’ ಎನ್ನುವಲ್ಲಿ ಅವರು ‘ತಿಬಿ ಕ್ರೇದೋ’, ಅಂದರೆ ‘ನಿನಗೆ’ ಎನ್ನುತ್ತಾರೆ. ‘ಇನ್ ಸಿಲ್ವಮ್’ ಕಾಡಿನೊಳಕ್ಕೆ, ‘ಇನ್ ಸಿಲ್ವಾ’ ಕಾಡಿನಲ್ಲಿ. ‘ಇನ್’ ಒಂದನ್ನೇ ನೋಡಿ ಅರ್ಥ ಹೇಳಿದರೆ ಒಳಗೆ ಹೋಗುವವನು ಅಲ್ಲೇ ನಿಂತುಬಿಡುತ್ತಾನೆ.

ನಿಘಂಟು ನೋಡುವುದಕ್ಕೂ ಒಂದು ಕ್ರಮವಿದೆ. ‘ರೇಗೆಮ್’ (ರಾಜನನ್ನು) ಎಂದು ಹುಡುಕಿದರೆ ಸಿಗದು. ‘ರೇಕ್ಸ್, ರೇಗಿಸ್’ ಎಂದು ಇರುತ್ತದೆ. ಎರಡನೆಯದು ಷಷ್ಠೀ ರೂಪ, ಪ್ರಕೃತಿ (ಪ್ರತ್ಯಯ ಸೇರುವ ಮೂಲರೂಪ) ಸಿಗುವುದು ಅದರಲ್ಲೇ. ಆದ್ದರಿಂದ ನಾಮಪದಗಳನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಬೇಕು. ಕ್ರಿಯಾಪದಕ್ಕೆ ನಾಲ್ಕು ರೂಪ ಬೇಕು: ದೋ, ದರೆ, ದೆದೀ, ದತುಮ್. ‘ಬಂದ’ ಎಂಬುದು ‘ಬರು’ ಧಾತುವಿನಡಿ ಇರುವಂತೆ ‘ದೆದಿತ್’ (ಕೊಟ್ಟನು) ಇರುವುದು ‘ದೋ’ ಅಡಿಯಲ್ಲಿ.

ಇನ್ನೊಂದು ಅನುಕೂಲವನ್ನು ನಾವು ಬಳಸಿಕೊಂಡೇ ಇಲ್ಲ. ‘ವೆನಿತ್’ ಬರುತ್ತಾನೆ, ‘ವೇನಿತ್’ ಬಂದನು. ‘ಮಲುಮ್’ ಕೇಡು, ‘ಮಾಲುಮ್’ ಸೇಬು. ರೋಮನ್ ಲಿಪಿಯ ಸಾಮಾನ್ಯ ಮುದ್ರಣದಲ್ಲಿ ಈ ಹ್ರಸ್ವ-ದೀರ್ಘ ಕಾಣುವುದಿಲ್ಲ. ಕಲಿಯುವವರ ಪುಸ್ತಕಗಳಲ್ಲಿ ಮಾತ್ರ ಸ್ವರದ ಮೇಲೆ ಗೆರೆ ಎಳೆದಿರುತ್ತಾರೆ. ಎ-ಏ, ಒ-ಓ ಎರಡನ್ನೂ ಬೇರೆಬೇರೆಯಾಗಿ ಬರೆಯುವ ನಮ್ಮ ಲಿಪಿಗೆ ಇದು ಸಹಜ. ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲಿ ಉಚ್ಚಾರಣೆ, ಪದದ ಮೇಲೆ ವಿಭಕ್ತಿಯ ಹೆಸರು ಬರೆದುಕೊಂಡು ದಿನಕ್ಕೆ ಐದೇ ವಾಕ್ಯ ಬಿಡಿಸಿದರೂ ಸಾಕು. ಮರುದಿನ ಕನ್ನಡವನ್ನಷ್ಟೇ ನೋಡಿ ಅವೇ ವಾಕ್ಯಗಳನ್ನು ಲ್ಯಾಟಿನ್ನಿಗೆ ತಿರುಗಿಸಬೇಕು. ಮರೆತ ಪ್ರತ್ಯಯ ಯಾವುದೆಂದು ಆಗ ಗೊತ್ತಾಗುತ್ತದೆ.

ತಮ್ಮ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಂದು ಲ್ಯಾಟಿನ್ ವಾಕ್ಯವನ್ನು ಹೀಗೆ ಕನ್ನಡ ಲಿಪಿಯಲ್ಲಿ, ವಿಭಕ್ತಿಯ ಹೆಸರಿನೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇವೆ. ಮೊದಲ ವಾರಕ್ಕೆ ಆ ರೈತ, ಮಗಳು, ಗುಲಾಬಿಯೇ ಆಗಬಹುದು.

ಇತಿ,
ಇಬ್ಬರು ಭಾಷಾ ಶಿಕ್ಷಕರು
ಮಂಗಳೂರು