ದೃಷ್ಟಿಗೊಂಬೆ ನಮ್ಮಲ್ಲಿ ಮಾತ್ರ ಅಂದೋರಿಗೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಲಿ ಓದುಗರೊಬ್ರು, ಹೊಸ ಮನೆಗೆ ರಾಕ್ಷಸನ ಮುಖ ನೇತಾಕೋದು ಬರೀ ನಮ್ಮವರ ಮೂಢನಂಬಿಕೆ, ಬೇರೆ ಯಾವ ದೇಶದಲ್ಲೂ ಇಂಥದ್ದಿಲ್ಲ ಅಂತ ಬರೆದಿದ್ರು. ನಂಬೋದು ಬಿಡೋದು ಅವರಿಷ್ಟ, ಆದ್ರೆ ಎರಡನೇ ಮಾತು ಒಪ್ಪೋಕಾಗಲ್ಲ.

ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಟೋಬಾ ಸರೋವರದ ಸುತ್ತ ಬಟಾಕ್ ಜನ ಇದಾರೆ. ಅವರ ಹಳೇ ಮರದ ಮನೆಗಳಲ್ಲಿ ಅಕ್ಕಪಕ್ಕದ ಉದ್ದ ತೊಲೆಗಳು ಮುಂದಕ್ಕೆ ಚಾಚಿರೋ ತುದೀಲಿ ‘ಸಿಂಗ’ ಅನ್ನೋ ಕಾವಲು ಪ್ರಾಣಿ ತಲೆ ಇರುತ್ತೆ, ನೀಳ ಮುಖ, ಗುಡ್ಡೆ ಹೊರಗೆ ಬಂದಿರೋ ಕಣ್ಣು, ಒಂಚೂರು ಮನುಷ್ಯ ಒಂಚೂರು ಎಮ್ಮೆ ಒಂಚೂರು ಮೊಸಳೆ, ಬಣ್ಣ ಮಾತ್ರ ಮೂರೇ, ಕೆಂಪು ಬಿಳಿ ಕಪ್ಪು. ಆ ಸರೋವರದ ನಡುವೆ ಇರೋ ಸಮೋಸಿರ್ ದ್ವೀಪದಲ್ಲಿ ಹಿರೀಕರ ಮೂಳೆ ಇಡೋ ಕಲ್ಲಿನ ಪೆಟ್ಟಿಗೆಗಳ ಮುಂದೂ ಇದೇ ತಲೆ, ಕೆಟ್ಟದ್ದು ಹತ್ರ ಸುಳೀಬಾರ್ದು ಅಂತ. ಮನೆ ಮುಂದೆ ಹಲ್ಲಿನೂ ಕೆತ್ತುತಾರೆ, ಬೊರಾಸ್ಪತಿ ಅಂತ, ಭೂಮಿಗೂ ಬೆಳೆಗೂ ಸಂಬಂಧಪಟ್ಟ ಶಕ್ತಿ ಅದು. (ನಮ್ಮಲ್ಲಿ ಹಲ್ಲಿ ಮೈಮೇಲೆ ಬಿದ್ರೆ ಮೊದಲು ಪಂಚಾಂಗ ಹುಡುಕ್ತೀವಿ!) ಈಗ ಟೋಬಾ ಬಟಾಕರಲ್ಲಿ ಹೆಚ್ಚಿನೋರು ಕ್ರೈಸ್ತರು, ಆದ್ರೂ ಆ ಕೆತ್ತನೆ ಬಿಟ್ಟಿಲ್ಲ, ಕೆಲವು ಚರ್ಚುಗಳ ಮೇಲೂ ಅದೇ ಮೂರು ಬಣ್ಣದ ಬಳ್ಳಿ ಕೆತ್ತನೆ ಇದೆ. ನಂಬಿಕೆ ಬದಲಾದ್ರೂ ಕೈಕೆಲಸ ಉಳೀತು, ನನಗೆ ಇಷ್ಟ ಆಗಿದ್ದು ಇದು.

ನಮ್ಮದು ಉಲ್ಟಾ ಸ್ವಾಮಿ. ನಂಬಿಕೆ ಗಟ್ಟಿಯಾಗಿದೆ, ಕೆಲಸ ಹೋಗಿದೆ. ಮಂಡ್ಯದ ಯಾವ ಹೊಸ ಬಡಾವಣೆಗಾದ್ರೂ ಹೋಗಿ, ಎಲ್ಲಾ ಮನೆ ಮೇಲೂ ನಾಲಿಗೆ ಚಾಚಿರೋ ಒಂದೇ ಅಚ್ಚಿನ ಪ್ಲಾಸ್ಟಿಕ್ ಮುಖ, ಎರಡು ಬೇಸಿಗೆ ಕಳೆದ್ರೆ ಬಣ್ಣ ಬಿಳಚಿಕೊಂಡು ಮೀಸೆ ಒಂದೇ ಉಳಿದಿರುತ್ತೆ, ಅದನ್ನ ನೋಡಿ ಯಾವ ದೃಷ್ಟಿ ಹೆದರುತ್ತೋ ದೇವರೇ ಬಲ್ಲ. ಇಲ್ಲೇ ಪಕ್ಕದ ಸೋಮನಾಥಪುರದಲ್ಲಿ 13ನೇ ಶತಮಾನದ ಶಿಲ್ಪಿಗಳು ಗುಡಿ ಗೋಡೆ ಬುಡದಲ್ಲಿ ಸಾಲಾಗಿ ಮಕರ ಕೆತ್ತಿದಾರೆ, ಅದೂ ಹಲವು ಪ್ರಾಣಿ ಸೇರಿಸಿ ಮಾಡಿದ್ದೇ, ಹತ್ರ ಹೋಗಿ ನೋಡಿದ್ರೆ ಬಾಲದ ಸುರುಳಿ ಒಂದರ ಥರ ಇನ್ನೊಂದಿಲ್ಲ.

ಲಕ್ಷಗಟ್ಟಲೆ ಸುರಿದು ಮನೆ ಕಟ್ಟೋರು ಬಾಗಿಲ ಮೇಲಿಗೆ ಒಂದು ಮರದ ತುಂಡು ಕೆತ್ತಿಸೋಕೆ ಯಾಕೆ ಹಿಂದೆಮುಂದೆ ನೋಡ್ತಾರೋ. ಗಂಡಭೇರುಂಡನೋ ಸಿಂಹದ ಮುಖನೋ, ಏನಾದ್ರೂ ಸರಿ. ಮೈಸೂರು ಮಂಡ್ಯ ಕಡೆ ಈ ಕೆಲಸ ಮಾಡೋರು ಯಾರಿದಾರೆ, ಎಲ್ಲಿ ಸಿಗ್ತಾರೆ, ಒಂದು ಅಡಿ ಕೆತ್ತನೆಗೆ ಎಷ್ಟು ತಗೋತಾರೆ ಅಂತ ನಿಮ್ಮ ಭಾನುವಾರದ ಪುರವಣಿಲಿ ಒಂದು ಪೇಜ್ ಹಾಕಿ.

ಇಂತಿ,
ನಿಮ್ಮ ಓದುಗ, ಮಂಡ್ಯ