ಮಳೆ ಪುಸ್ತಕಗಳು ಹಲವು, ಬರೆಯುವ ಬಗೆ ಒಂದಾಗಲಿ

ಮಾನ್ಯ ಸಂಪಾದಕರೇ,

ಕಳೆದ ಬೇಸಗೆಯಲ್ಲಿ ನಮ್ಮೂರಿನ ಅಡಿಕೆ ಬೆಳೆಗಾರರೊಬ್ಬರು ಮನೆಯ ಅಟ್ಟವನ್ನು ಹಸನು ಮಾಡುವಾಗ, ಅವರ ದಿವಂಗತ ತಂದೆಯವರು ವರ್ಷಾನುಗಟ್ಟಲೆ ಬರೆದಿಟ್ಟಿದ್ದ ಮಳೆ ಲೆಕ್ಕದ ಪುಸ್ತಕಗಳು ಸಿಕ್ಕವು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನೆಂಬ ಕಾರಣಕ್ಕೆ ಅವು ನನ್ನ ಕೈಗೆ ಬಂದವು. ಮಲೆನಾಡಿನಲ್ಲಿ ಇಂಥ ಪುಸ್ತಕಗಳು ಅಪರೂಪವೇನಲ್ಲ. ಅಂಗಳದ ಮೂಲೆಯಲ್ಲಿ ಮಳೆಮಾಪಕ ನಿಲ್ಲಿಸಿ, ಬೆಳಗಿನ ಕಾಫಿಗೆ ಮೊದಲು ಅಳೆದು ಬರೆದಿಡುವ ಮನೆಗಳು ಇಂದಿಗೂ ಇವೆ. ಸುತ್ತಲಿನ ಊರುಗಳಲ್ಲಿ ವಿಚಾರಿಸಿದಾಗ ಇನ್ನೂ ಮೂರು ಮನೆಗಳವರು ತಮ್ಮ ಪುಸ್ತಕಗಳನ್ನು ಸಂತೋಷದಿಂದಲೇ ಕೊಟ್ಟರು. ಒಂದೇ ಮಳೆಗಾಲದ ನಾಲ್ಕು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸೋಣವೆಂದು ಕುಳಿತವನಿಗೆ ಎರಡು ವಾರ ಕಳೆದರೂ ಅದು ಆಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು ಓದುಗರ ಮುಂದಿಡುವುದೇ ಈ ಪತ್ರದ ಉದ್ದೇಶ.

ಮೊದಲನೆಯವರು ಇಂಚು ಮತ್ತು ಸೆಂಟಿನಲ್ಲಿ ಬರೆದಿದ್ದರು, ಎರಡನೆಯವರು ಮಿಲಿಮೀಟರಿನಲ್ಲಿ. ಇಂಚಿನ ನೂರನೇ ಒಂದು ಪಾಲು ಸೆಂಟ್. ಒಂದು ಇಂಚಿಗೆ 25.4 ಮಿ.ಮೀ. ಪುಟದ ಮೇಲೆ ಬರೀ 320 ಎಂದಿದ್ದು, ಯಾವ ಅಳತೆಯೆಂದು ಬರೆಯದೆ ಹೋದರೆ, ಅದು 81 ಮಿ.ಮೀ. ಸುರಿದ ಸಾಮಾನ್ಯ ಆಷಾಢದ ದಿನವೋ ಗುಡ್ಡ ಜರಿಯುವಂಥ 320 ಮಿ.ಮೀ.ಯ ದಿನವೋ ತಿಳಿಯುವುದಿಲ್ಲ. ಮೂರನೆಯವರು ಮಳೆಮಾಪಕದ ಗಾಜಿನ ಅಳತೆಗೊಳವೆ ಒಡೆದ ಮೇಲೆ ಕೆಲವು ವರ್ಷ ಬಕೆಟ್ಟನ್ನು ಅಂಗಳದಲ್ಲಿಟ್ಟು ಅಡಿಪಟ್ಟಿಯಿಂದ ಅಳೆದಿದ್ದರು. ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್ಟಿನಲ್ಲಿ ನಿಂತ ನೀರಿನ ಎತ್ತರ ನಿಜವಾದ ಮಳೆಗಿಂತ ಹೆಚ್ಚೇ ಬರುತ್ತದೆ. ಬಕೆಟ್ಟಿನ ಅಳತೆ ತಿಳಿದಿದ್ದರೆ ಲೆಕ್ಕ ಹಾಕಿ ಸರಿಪಡಿಸಬಹುದಿತ್ತು. ಆ ಬಕೆಟ್ ಈಗ ಇಲ್ಲ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ದಿನಾಂಕ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಗ್ಗೆ 8.30ಕ್ಕೆ ಅಳೆದ, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ಹೆಸರಿಗೇ ಬರೆಯಬೇಕು. ನಮ್ಮವರಲ್ಲಿ ಇಬ್ಬರು, ನಿನ್ನೆ ಬಿದ್ದದ್ದು ನಿನ್ನೆಯ ಮಳೆಯಲ್ಲವೇ ಎಂಬ ಸಹಜ ತರ್ಕದಿಂದ, ಅದನ್ನು ಹಿಂದಿನ ದಿನಕ್ಕೆ ಸೇರಿಸಿದ್ದಾರೆ. ಹೀಗಾಗಿ ಒಂದೇ ರಾತ್ರಿಯ ಒಂದೇ ಮಳೆ ಎರಡು ಪುಸ್ತಕಗಳಲ್ಲಿ ಎರಡು ಬೇರೆ ದಿನಗಳಲ್ಲಿ ಸುರಿದಿದೆ.

ನಾಲ್ಕನೆಯ ಪುಸ್ತಕದಲ್ಲಿ ತಿಂಗಳುಗಳೇ ಇರಲಿಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರಗಳ ಲೆಕ್ಕ ಮಾತ್ರ ಇತ್ತು. ವಿಚಿತ್ರವೆಂದರೆ ನನಗೆ ಅತ್ಯಂತ ಸುಲಭವಾಗಿ ಒಗ್ಗಿದ್ದು ಇದೇ. ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುವುದರಿಂದ ಹಬ್ಬಗಳ ತಿಥಿಯಂತೆ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಓಡಾಡುವುದಿಲ್ಲ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನಗಳಂತೆ, ಆರಿದ್ರಾ ಜೂನ್ ಮೂರನೆಯ ವಾರದ ಕೊನೆಗೂ ಆಶ್ಲೇಷ ಆಗಸ್ಟ್ ಮೊದಲ ವಾರದಲ್ಲೂ ಹೆಚ್ಚುಕಡಿಮೆ ಅದೇ ದಿನ ಹುಟ್ಟುತ್ತವೆ. 2019ರ ಆಗಸ್ಟಿನ ಮಹಾನೆರೆ ಆಶ್ಲೇಷ ಮಳೆಯ ನೆರೆ ಎಂದು ಹೇಳಿದರೆ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ, ಪಂಚಾಂಗ ನೋಡಿ ಅದನ್ನು ದಿನಾಂಕಕ್ಕೆ ಇಳಿಸುವುದೂ ಕಷ್ಟವಲ್ಲ. ಹಳೆಯ ಪದ್ಧತಿಯಲ್ಲಿ ಬರೆದ ಲೆಕ್ಕವೆಲ್ಲ ಅವೈಜ್ಞಾನಿಕ, ಹೊಸ ನಮೂನೆಯಲ್ಲಿ ತುಂಬಿದ್ದೆಲ್ಲ ವೈಜ್ಞಾನಿಕ ಎಂಬ ಭಾವನೆ ನನಗೂ ಇತ್ತು. ಅದನ್ನು ಬಿಡಿಸಿದ್ದು ಈ ನಾಲ್ಕನೆಯ ಪುಸ್ತಕ.

ಸರ್ಕಾರದ ಮಳೆಮಾಪಕಗಳಿರುವಾಗ ಮನೆಯ ಪುಸ್ತಕಗಳೇಕೆ ಎಂದು ಕೇಳುವವರಿದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಾಪಕಗಳನ್ನು ಅಳವಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಪಡೆಯುತ್ತಿರುವುದು ದೇಶದಲ್ಲೇ ಮೆಚ್ಚತಕ್ಕ ಕೆಲಸ. ಆದರೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಇಂಥ ನೆಲದಲ್ಲಿ ಒಂದು ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗೆ ಅನ್ವಯಿಸುವುದಿಲ್ಲ. ಅಲ್ಲದೆ ಯಂತ್ರಗಳು ಬಂದದ್ದು ಇತ್ತೀಚೆಗೆ. ಅದಕ್ಕೂ ಹಿಂದೆ ಈ ಕಣಿವೆಗಳಲ್ಲಿ ಏನಾಯಿತೆಂಬುದು ಮನೆಯ ಅಟ್ಟಗಳಲ್ಲಿ ಮಾತ್ರ ಇದೆ. ಅಡಿಕೆಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಬಿಡುವು ಕೊಟ್ಟ ಯಾವ ಹೊಳವಿನಲ್ಲಿ ಸಿಂಪಡಿಸಬೇಕು, ಕೊಳೆರೋಗ ಯಾವ ವರ್ಷಗಳಲ್ಲಿ ಹೆಚ್ಚಿತು, ಮಳೆಯ ನಡುವಿನ ಹೊಳವಿನ ದಿನಗಳು ನಿಜವಾಗಿಯೂ ಕಡಿಮೆಯಾಗುತ್ತಿವೆಯೇ ಎಂಬಂತಹ ನಮ್ಮದೇ ಪ್ರಶ್ನೆಗಳಿಗೆ ಉತ್ತರವೂ ಅಲ್ಲಿಯೇ ಇದೆ, ಜೋಡಿಸಿದರೆ.

ಜೋಡಿಸದೆ ಸಂಗ್ರಹಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿಯನ್ನು ನೋಡಬೇಕು. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿತು. 2004ರ ನಿಯಮಗಳು ಸ್ಥಳೀಯ ಜನರೊಡನೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸುವುದೇ ಆ ಸಮಿತಿಯ ಮುಖ್ಯ ಕೆಲಸವೆಂದವು. ಊರಿನವರೇ ತಮ್ಮ ಗಿಡ, ಮರ, ಮೀನು, ತಳಿ, ಹಳ್ಳಕೊಳ್ಳಗಳ ಬಗೆಗೆ ತಿಳಿದದ್ದನ್ನು ಬರೆದಿಡಲಿ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮೊದಲಾದವರು 1990ರ ದಶಕದಿಂದ ಪ್ರಯತ್ನಿಸಿದ ಉದಾತ್ತ ಕಲ್ಪನೆ ಇದು. ಹದಿನೈದು ವರ್ಷ ಬಹುಪಾಲು ಪಂಚಾಯಿತಿಗಳು ಇದನ್ನು ಮರೆತಿದ್ದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡದ ಎಚ್ಚರಿಕೆ ಕೊಟ್ಟ ಮೇಲೆ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿಗಳು ಎದ್ದು ನಿಂತವು. ಆ ಅವಸರದ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಪರಿಚಯವಿರುವ ಪಂಚಾಯಿತಿಯೊಂದರ ದಾಖಲಾತಿಯಲ್ಲಿ ಆ ಊರಿನಲ್ಲಿ ಯಾರೂ ಕಂಡಿಲ್ಲದ ಮರಗಳಿವೆ, ಪ್ರತಿ ಮನೆಯವರೂ ಉಪ್ಪಿನಕಾಯಿ ಹಾಕುವ ಅಪ್ಪೆಮಿಡಿ ಮಾವಿನ ಒಂದು ತಳಿಯ ಹೆಸರೂ ಇಲ್ಲ. ಪಕ್ಕದ ಪಂಚಾಯಿತಿಯ ದಾಖಲಾತಿ ತರಿಸಿ ನೋಡಿದರೆ ಮರಗಳ ಪಟ್ಟಿ ಅದೇ ಅನುಕ್ರಮದಲ್ಲಿ, ಅದೇ ಕಾಗುಣಿತದ ತಪ್ಪುಗಳೊಡನೆ ಇತ್ತು. ತಿದ್ದಿಸಲು ಹೋದಾಗ, ಸಲ್ಲಿಸಿಯಾಗಿದೆ, ಇನ್ನು ಬದಲಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಬದಲಿಸಲು ಬಾರದ ತಿಳಿವಳಿಕೆಯನ್ನು ವಿಜ್ಞಾನವೆಂದು ಕರೆಯಲು ನನ್ನ ವೃತ್ತಿಜೀವನದ ಅಭ್ಯಾಸ ಒಪ್ಪುವುದಿಲ್ಲ.

ಹೆಸರುಗಳ ತೊಡಕು ಮಳೆಯ ತೊಡಕಿಗಿಂತ ದೊಡ್ಡದು. ಶಿರಸಿಯವರ ಮುರುಗಲು ಮಂಗಳೂರಿನವರಿಗೆ ಪುನರ್ಪುಳಿ, ಮರ ಒಂದೇ. ನಮ್ಮ ಕಡೆ ಒಂದೆಲಗ ಎನ್ನುವ ಸೊಪ್ಪನ್ನು ಕೆಲವರು ಉರಗೆ ಎನ್ನುತ್ತಾರೆ, ತುಳುನಾಡಿನಲ್ಲಿ ಅದು ತಿಮರೆ, ಇನ್ನು ಕೆಲವರ ಬಾಯಲ್ಲಿ ಬ್ರಾಹ್ಮಿ. ಆದರೆ ಬ್ರಾಹ್ಮಿ ಎಂಬ ಹೆಸರಿನಲ್ಲಿ ಬೇರೊಂದು ಗಿಡವೂ ಇದೆ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ಇನ್ನೊಂದು ಬಕೋಪಾ ಮೊನಿಯೇರಿ. ದಾಖಲಾತಿಯಲ್ಲಿ ಅಶೋಕ ಎಂದು ಬರೆದಿದ್ದರೆ ಅದು ಅಪಾಯದ ಅಂಚಿಗೆ ಸರಿಯುತ್ತಿರುವ ಸೀತಾ ಅಶೋಕವೋ ಕಚೇರಿಗಳ ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಲ್ಲಿಸಿರುವ ಮರವೋ ಹೇಳುವವರಾರು? ಊರ ಹೆಸರನ್ನು ಅಳಿಸಿ ಲ್ಯಾಟಿನ್ ಹೆಸರನ್ನು ಹೇರುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ಸೊಪ್ಪು ಕೊಯ್ಯುವ ಅಜ್ಜಿ ಆ ದಾಖಲೆಯಿಂದ ಹೊರಗೆ ಉಳಿಯುತ್ತಾರೆ. ಊರ ಹೆಸರನ್ನು ಅವರು ಹೇಳಿದಂತೆಯೇ ಬರೆದು, ಎದುರಿಗೆ ಶಾಸ್ತ್ರೀಯ ಹೆಸರು, ಗುರುತಿಸಿದವರು ಯಾರು, ಹೂವೋ ಕಾಯೋ ನೋಡಿ ಗುರುತಿಸಿದರೇ ಎಂಬಷ್ಟನ್ನು ಸೇರಿಸಿದರೆ ಸಾಕು. ಗುರುತು ಸಿಗದಿದ್ದರೆ ಆ ಕಾಲಂ ಖಾಲಿಯಿರಲಿ. ಖಾಲಿ ಬಿಟ್ಟರೆ ಬಿಲ್ಲು ಪಾಸಾಗುವುದಿಲ್ಲ ಎಂಬ ಭಯವೇ ನಮ್ಮ ದಾಖಲಾತಿಗಳಲ್ಲಿ ಇಲ್ಲದ ಮರಗಳನ್ನು ನೆಟ್ಟಿದೆ ಎಂಬುದು ನನ್ನ ಗುಮಾನಿ.

ಇದು ಜೀವ ಉಳಿಸುವ ವಿಷಯವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದು ಅದರ ಮುನ್ಸೂಚನೆಗಳಲ್ಲೊಂದು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದ ಜನ ಅನುಭವಿಸಿದ ಸಂಕಟ ಮಲೆನಾಡಿಗರಿಗೆ ಮರೆತಿಲ್ಲ. ಸತ್ತ ಮಂಗವನ್ನು ಮೊದಲು ಕಾಣುವವರು ದರಕು (ಉದುರಿದ ಒಣ ಎಲೆ) ಗುಡಿಸಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋದವರು. ಅವರು ಹೇಳುವ ಜಾಗ, ಇಂಥವರ ತೋಟದ ಮೇಲಿನ ಕಾನು (ದಟ್ಟ ಕಾಡು), ಇಂಥ ಹಳ್ಳದ ಸಾರ (ಕಾಲುಸಂಕ) ದಾಟಿ ಎಂಬಂತಿರುತ್ತದೆ. ಅರಣ್ಯದವರು ಸರ್ವೆ ನಂಬರಿನಲ್ಲಿ ಬರೆದುಕೊಳ್ಳುತ್ತಾರೆ, ಆರೋಗ್ಯದವರು ಉಪಕೇಂದ್ರದ ಹೆಸರಿನಲ್ಲಿ. ಮೂರೂ ಒಂದೇ ಕಾನು ಎಂದು ತಿಳಿಯುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಊರಿನ ಕಾನು, ಹಳ್ಳ, ಬ್ಯಾಣ (ಹುಲ್ಲುಗಾವಲು), ಬೆಟ್ಟಗಳ ಹೆಸರುಗಳನ್ನು ಒಂದು ನಕ್ಷೆಯ ಮೇಲೆ ಊರಿನವರೇ ಕುಳಿತು ಗುರುತಿಸಿ ಪಂಚಾಯಿತಿಗೂ ಈ ಎರಡೂ ಇಲಾಖೆಗಳಿಗೂ ಕೊಡುವುದು ಒಂದು ಭಾನುವಾರದ ಕೆಲಸ. ಪಂಚಾಯಿತಿ, ಅರಣ್ಯ, ಆರೋಗ್ಯ ಮೂರರಲ್ಲಿ ಯಾರ ಕೆಲಸ ಇದು ಎಂಬುದು ತೀರ್ಮಾನವಾಗದೆ ಆ ಭಾನುವಾರ ಇನ್ನೂ ಬಂದಿಲ್ಲ.

ಜೋಡಿಸುವ ಕೆಲಸ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಮೈಸೂರಿನ ಪಕ್ಷಿವೀಕ್ಷಕರು 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು, ಎಲ್ಲರೂ ಒಂದೇ ಕ್ರಮದಲ್ಲಿ ಎಣಿಸಿ ಹಕ್ಕಿಗಳ ನಕ್ಷೆ ಮಾಡಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಇಡೀ ರಾಜ್ಯಕ್ಕೆ ಇದನ್ನೇ ಮಾಡಿದರು. ಹಕ್ಕಿ ಚೆನ್ನಾಗಿ ಸಿಗುವ ಕೆರೆಗೇ ಎಲ್ಲರೂ ಹೋಗದೆ, ತಮ್ಮ ಪಾಲಿಗೆ ಬಂದ ಬರಡು ಚೌಕವನ್ನೂ ಅಷ್ಟೇ ಶ್ರದ್ಧೆಯಿಂದ ನಡೆದು ನೋಡಿದ್ದರಲ್ಲಿ ಅದರ ಬೆಲೆಯಿದೆ. ಹಳೆಯ ಮಳೆ ಪುಸ್ತಕಗಳ ವಿಚಾರದಲ್ಲಂತೂ ಬ್ರಿಟನ್ನಿನ ಪ್ರಯತ್ನ ಗಮನಾರ್ಹ. 2020ರಲ್ಲಿ ಕೋವಿಡ್ ಕಾರಣದಿಂದ ಮನೆಯಲ್ಲೇ ಉಳಿದ 16 ಸಾವಿರ ಸ್ವಯಂಸೇವಕರು, ಕೈಬರಹದ ಹಳೆಯ ಹಾಳೆಗಳ ಚಿತ್ರಗಳನ್ನು ನೋಡಿ, 50 ಲಕ್ಷಕ್ಕೂ ಮೀರಿದ ಮಳೆ ಅಂಕಿಗಳನ್ನು 16 ದಿನಗಳಲ್ಲಿ ಗಣಕಕ್ಕೆ ಏರಿಸಿದರು. ಒಂದೇ ಅಂಕಿಯನ್ನು ಹಲವರು ಬೇರೆಬೇರೆಯಾಗಿ ಓದಿದ್ದರಿಂದ ಒಬ್ಬರ ಕಣ್ತಪ್ಪು ಇನ್ನೊಬ್ಬರ ಓದಿನಲ್ಲಿ ಸಿಕ್ಕಿಬಿತ್ತು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಪ್ರಾಧಿಕಾರವಾಗಲಿ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರ್ ಕೂಡ ಬಂದಿದೆ. ಅಲ್ಲಿ ಊರಿನ ಪರಿಸರದ ಲೆಕ್ಕಕ್ಕೆಂದು ಒಂದು ಕಪಾಟು, ಕನ್ನಡದಲ್ಲಿ ಅಚ್ಚಾದ ಒಂದೇ ನಮೂನೆಯ ಪುಟಗಳು, ತಿಂಗಳಿಗೊಮ್ಮೆ ಬರೆಯುವವರೆಲ್ಲ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಓದುವ ಒಂದು ಸಂಜೆ, ಇಷ್ಟಿದ್ದರೆ ಕೆಲಸ ಆರಂಭವಾಗುತ್ತದೆ. ಮಳೆ ಬರೆಯುವವರು, ಬಾವಿಯ ನೀರಿನ ಮಟ್ಟ ನೋಡುವವರು, ಜಲಜೀವನ ಮಿಷನ್ನಿನಲ್ಲಿ ನೀರು ಪರೀಕ್ಷಿಸಲು ತರಬೇತಿ ಪಡೆದ ಊರಿನ ಮಹಿಳೆಯರು, ಶಾಲೆಯ ಹಕ್ಕಿ ಎಣಿಸುವ ಮಕ್ಕಳು, ಇವರೆಲ್ಲ ಇಂದು ಬೇರೆಬೇರೆ ಇಲಾಖೆಗಳಿಗೆ ಮೇಲ್ಮುಖವಾಗಿ ವರದಿ ಕಳಿಸುತ್ತಾರೆ. ಪರಸ್ಪರ ಒಬ್ಬರದನ್ನೊಬ್ಬರು ನೋಡುವುದೇ ಇಲ್ಲ. ತಿದ್ದುವ ಕ್ರಮವನ್ನು ಮಾತ್ರ ಹಳೆಯ ಅಂಗಡಿಗಳ ಕಿರ್ದಿ ಪುಸ್ತಕದಿಂದ ಕಲಿಯಬೇಕು: ತಪ್ಪು ಅಂಕಿಯನ್ನು ಉಜ್ಜಿ ಅಳಿಸದೆ, ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಿದ್ದಿದವರು ದಿನಾಂಕ ಹಾಕಿ ರುಜು ಮಾಡಬೇಕು.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂದು ನಾನು ಹೇಳುತ್ತಿಲ್ಲ. ನಾಟಿವೈದ್ಯರ ಮದ್ದಿನ ವಿವರ ಅವರ ಒಪ್ಪಿಗೆಯಿಲ್ಲದೆ ಪುಟಕ್ಕೆ ಬರಬಾರದು. ಸೀತಾ ಅಶೋಕದ ಮರ ನಿಂತಿರುವ ನಿಖರ ಜಾಗ ತಿಳಿದರೆ ತೊಗಟೆ ಸುಲಿಯುವವರು ಮೊದಲು ಬರುತ್ತಾರೆ. ಕಾಯಿಲೆ ಬಂದ ಮನೆಯವರ ಹೆಸರು ಯಾರಿಗೂ ಬೇಕಿಲ್ಲ. ಯಾವುದು ಹೊರಗೆ, ಯಾವುದು ಒಳಗೆ ಎಂಬುದನ್ನು ಬರೆದವರೇ ಗ್ರಾಮಸಭೆಯಲ್ಲಿ ತೀರ್ಮಾನಿಸಲಿ. ಆದರೆ ಮಳೆ, ಬಾವಿ, ಹೊಳೆಯ ಲೆಕ್ಕಗಳನ್ನು ಮುಚ್ಚಿಡಲು ಇಂಥ ಯಾವ ಕಾರಣವೂ ಇಲ್ಲ. ಅವನ್ನು ಇಲಾಖೆಗಳು ಊರಿಗೆ, ಊರಿಗೆ ಅರ್ಥವಾಗುವ ರೂಪದಲ್ಲಿ, ಹಿಂದಿರುಗಿಸಬೇಕು.

ನಾವು ನಾಲ್ಕು ಮನೆಯವರು ಈ ಬಾರಿಯ ಮೃಗಶಿರಾ ಮಳೆಯಿಂದ ಒಂದೇ ನಮೂನೆಯಲ್ಲಿ ಬರೆಯಲು ಒಪ್ಪಿಕೊಂಡಿದ್ದೇವೆ: ಬೆಳಗ್ಗೆ 8.30ಕ್ಕೆ, ಮಿಲಿಮೀಟರಿನಲ್ಲಿ, ಅಳೆದ ದಿನದ ಹೆಸರಿಗೆ, ನಕ್ಷತ್ರಕ್ಕೂ ಒಂದು ಕಾಲಂ ಇಟ್ಟು. ಮಳೆ ಬಾರದ ದಿನ ಸೊನ್ನೆ ಎಂದೂ, ಅಳೆಯದ ದಿನ ಅಡ್ಡಗೆರೆ ಎಂದೂ ಬರೆಯಬೇಕೆಂಬ ಬಗ್ಗೆ ಒಂದು ಸಂಜೆಯಿಡೀ ವಾದ ನಡೆಯಿತು. ಮದುವೆಗೆ ಹೋದ ದಿನಗಳೆಲ್ಲ ಬರಗಾಲದ ದಿನಗಳಾಗಿ ಲೆಕ್ಕಕ್ಕೆ ಸೇರುವುದನ್ನು ತೋರಿಸಿದ ಮೇಲೆ ಎಲ್ಲರೂ ಒಪ್ಪಿದರು.

ಕೊನೆಯದಾಗಿ ತಮ್ಮ ಪತ್ರಿಕೆಯ ಓದುಗರಲ್ಲಿ ಒಂದು ವಿನಂತಿ. ತಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇಂಥ ಹಳೆಯ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಅದಕ್ಕೂ ಮೊದಲು, ಬರೆದವರನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ, ಮಾಪಕ ಎಲ್ಲಿ ನಿಂತಿತ್ತು, ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಇಂಚೋ ಮಿಲಿಮೀಟರೋ, ನಿನ್ನೆಯ ಹೆಸರಿಗೋ ಇಂದಿನ ಹೆಸರಿಗೋ ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಮೊದಲ ಪುಟಕ್ಕೆ ಅಂಟಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಶಿವಮೊಗ್ಗ ಜಿಲ್ಲೆ